ಹೊಡೆತದ ಕ್ಷಣದಲ್ಲಿ ಕೈ ಮಾಡುವುದೇನು?

ಗಾಲ್ಫ್ ಆಟವನ್ನು ಕಣ್ಣಾರೆ ಕಂಡವರು ನಮ್ಮ ಓದುಗರಲ್ಲಿ ಹೆಚ್ಚು ಮಂದಿ ಇರಲಾರರು. ಬೆಂಗಳೂರಿನಲ್ಲಿ 1876ರಷ್ಟು ಹಿಂದೆಯೇ ಗಾಲ್ಫ್ ಕ್ಲಬ್ಬೊಂದು ಸ್ಥಾಪಿತವಾಯಿತಾದರೂ ಅದರ ಬೇಲಿಯಾಚೆ ನಿಂತು ಇಣಿಕಿ ನೋಡಿದವರ ಸಂಖ್ಯೆಯೇ ದೊಡ್ಡದು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ ಕ್ರೀಡೆಗಳಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಒಂದು ಹೊಡೆತದ ಅಂತರದಿಂದ ಪದಕವನ್ನು ಕಳೆದುಕೊಂಡು ನಾಲ್ಕನೆಯವರಾದ ದಿನ, ಈ ಆಟದ ಗಂಧವೂ ಇಲ್ಲದ ಮನೆಗಳಲ್ಲಿ ಜನರು ನಸುಕಿನಲ್ಲೆದ್ದು ದೂರದರ್ಶನದ ಮುಂದೆ ಕುಳಿತಿದ್ದುದುಂಟು. ಆದರೆ ಇಲ್ಲಿ ನಾವು ಚರ್ಚಿಸಹೊರಟಿರುವುದು ಆಟದ ಸೋಲುಗೆಲುವುಗಳನ್ನಲ್ಲ. ಕೋಲಿನ ತಲೆಯು ಚೆಂಡನ್ನು ಮುಟ್ಟಿ ಬಿಡುವಷ್ಟರಲ್ಲಿ ಕಳೆದುಹೋಗುವ ಒಂದು ಅತ್ಯಲ್ಪ ಕಾಲವನ್ನು. ಆ ಅಲ್ಪ ಕಾಲದ ಬಗ್ಗೆ ನಮ್ಮ ವಿದ್ಯಾರ್ಥಿಗಳಿಗೆ ಬಹುಕಾಲದಿಂದ ಒಂದು ತಪ್ಪು ಪಾಠ ನಡೆದುಬಂದಿದೆಯೆಂಬುದು ನಮ್ಮ ದೂರು.

ಆ ಪಾಠ ಯಾವುದೆಂಬುದನ್ನು ಮೊದಲು ಹೇಳಿಬಿಡೋಣ. ಚಲನೆಯ ನಿಯಮಗಳ ಅಧ್ಯಾಯದಲ್ಲಿ ಆವೇಗವೆಂಬ ಪರಿಮಾಣ ಬರುತ್ತದೆ. ಬಲವನ್ನು ಅದು ವರ್ತಿಸಿದ ಕಾಲದಿಂದ ಗುಣಿಸಿದರೆ ಆವೇಗ. ಅದು ಸಂವೇಗದಲ್ಲಿ ಆದ ಬದಲಾವಣೆಗೆ ಸಮ. ಕ್ರಿಕೆಟ್ ಆಟಗಾರನು ಚೆಂಡನ್ನು ಹಿಡಿಯುವಾಗ ಕೈಗಳನ್ನು ಹಿಂದಕ್ಕೆ ಎಳೆದುಕೊಳ್ಳುವುದನ್ನು ಇದಕ್ಕೆ ನಿದರ್ಶನವಾಗಿ ಕೊಡುತ್ತಾರೆ. ಕಾಲ ಹೆಚ್ಚಿದರೆ ಬಲ ತಗ್ಗುತ್ತದೆ, ಅಂಗೈ ಉರಿಯುವುದಿಲ್ಲ. ಈ ನಿದರ್ಶನ ಸರಿಯಾದುದು. ಆದರೆ ಅನೇಕ ಪುಸ್ತಕಗಳು ಮತ್ತು ಪರೀಕ್ಷಾ ಕೈಪಿಡಿಗಳು ಅಲ್ಲಿಗೆ ನಿಲ್ಲದೆ ಇದನ್ನೇ ತಿರುಗಿಸಿ ಇನ್ನೊಂದು ಮಾತು ಹೇಳುತ್ತವೆ. ಗಾಲ್ಫ್ ಆಟಗಾರನಾಗಲಿ ಬ್ಯಾಟುಗಾರನಾಗಲಿ ಹೊಡೆದ ಮೇಲೆಯೂ ಕೈಯನ್ನು ಮುಂದಕ್ಕೆ ಸಾಗಿಸುತ್ತಾನಲ್ಲ, ಆಟದ ಭಾಷೆಯಲ್ಲಿ ಇದಕ್ಕೆ ಫಾಲೋ ಥ್ರೂ ಎಂದು ಹೆಸರು, ಅದು ಚೆಂಡಿನೊಡನೆ ಸಂಪರ್ಕದ ಕಾಲವನ್ನು ಹೆಚ್ಚಿಸುತ್ತದೆಯಂತೆ, ಅದರಿಂದ ಆವೇಗ ಹೆಚ್ಚಿ ಚೆಂಡು ದೂರ ಹೋಗುತ್ತದೆಯಂತೆ. ಕೇಳುವುದಕ್ಕೆ ಬಹು ಸೊಗಸಾದ ವಿವರಣೆ. ಇದನ್ನು ಬರೆದ ವಿದ್ಯಾರ್ಥಿಗೆ ಅಂಕಗಳೂ ದೊರೆಯುತ್ತವೆ. ಆದರೆ ಅಳೆದು ನೋಡಿದವರ ಕಣ್ಣಿಗೆ ಇದು ನಿಲ್ಲುವುದಿಲ್ಲ.

ಅಳತೆಯ ವಿಚಾರಕ್ಕೆ ಬರೋಣ. ಗಾಲ್ಫ್ ಚೆಂಡಿನ ತೂಕ ನಿಯಮದ ಪ್ರಕಾರ 45.93 ಗ್ರಾಮನ್ನು ಮೀರಕೂಡದು. ದೂರದ ಹೊಡೆತಕ್ಕೆ ಬಳಸುವ ಡ್ರೈವರ್ ಎಂಬ ಕೋಲಿನ ತಲೆ ಸುಮಾರು 200 ಗ್ರಾಂ. ನುರಿತ ವೃತ್ತಿಪರ ಆಟಗಾರನ ಕೈಯಲ್ಲಿ ಈ ತಲೆ ಚೆಂಡನ್ನು ಮುಟ್ಟುವಾಗ ಸೆಕೆಂಡಿಗೆ ಸುಮಾರು 50 ಮೀಟರ್, ಎಂದರೆ ಗಂಟೆಗೆ 180 ಕಿಲೋಮೀಟರ್ ವೇಗದಲ್ಲಿರುತ್ತದೆ. ಮುಟ್ಟಿದಾಗ ಚೆಂಡು ಗಮನಾರ್ಹವಾಗಿ ಚಪ್ಪಟೆಯಾಗುತ್ತದೆ, ಮರಳಿ ಉಬ್ಬುತ್ತದೆ, ಉಬ್ಬುತ್ತ ಉಬ್ಬುತ್ತ ಮುಂದಕ್ಕೆ ಚಿಮ್ಮುತ್ತದೆ. ಈ ಇಡೀ ನಾಟಕ ಮುಗಿಯುವುದಕ್ಕೆ ಹಿಡಿಯುವ ಕಾಲ ಸುಮಾರು ಅರ್ಧ ಮಿಲಿಸೆಕೆಂಡು. ಸೆಕೆಂಡಿನ ಎರಡು ಸಾವಿರದ ಒಂದು ಭಾಗ. ಅಷ್ಟರಲ್ಲಿ ಕೋಲಿನ ತಲೆ ಸಾಗುವ ದೂರ ಸುಮಾರು ಎರಡು ಸೆಂಟಿಮೀಟರ್. ಈ ಕಾಲವನ್ನು ನಿರ್ಧರಿಸುವುದು ಯಾವುದು? ಚೆಂಡಿನ ತೂಕ, ಅದರ ಗಡಸುತನ, ಸ್ವಲ್ಪಮಟ್ಟಿಗೆ ತಲೆಯ ತೂಕ. ಸ್ಪ್ರಿಂಗಿಗೆ ಕಟ್ಟಿದ ತೂಕವು ಎಷ್ಟು ಎಳೆದು ಬಿಟ್ಟರೂ ತನ್ನದೇ ಕಾಲದಲ್ಲಿ ತೂಗಾಡುವಂತೆ, ಚೆಂಡೂ ತನ್ನದೇ ಕಾಲದಲ್ಲಿ ಕುಗ್ಗಿ ಹಿಗ್ಗುತ್ತದೆ. ಬಲವಾಗಿ ಹೊಡೆದರೆ ಸಂಪರ್ಕದ ಕಾಲ ಹೆಚ್ಚುವುದಿರಲಿ, ಕೊಂಚ ಕಡಿಮೆಯೇ ಆಗುತ್ತದೆ.

ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ನೋಡಬಹುದು. ಡ್ರೈವರ್ ಕೋಲಿನ ಪುಟಿಸುವ ಗುಣಕ್ಕೆ ನಿಯಮಗಳು 0.83ರ ಮಿತಿಯನ್ನು ಹಾಕಿವೆ. ಎಂದರೆ ಸಂಘಟ್ಟನೆಯ ನಂತರ ಚೆಂಡು ಮತ್ತು ತಲೆ ಒಂದರಿಂದೊಂದು ದೂರವಾಗುವ ವೇಗವು, ಮೊದಲು ಅವು ಹತ್ತಿರವಾಗುತ್ತಿದ್ದ ವೇಗದ 0.83 ಪಾಲು. ಇದಕ್ಕೆ ಸಂವೇಗದ ಸಂರಕ್ಷಣೆಯನ್ನು ಕೂಡಿಸಿದರೆ, 50 ಮೀಟರ್ ವೇಗದಿಂದ ಬಂದ ತಲೆ ಚೆಂಡಿಗೆ ಸೆಕೆಂಡಿಗೆ ಸುಮಾರು 74 ಮೀಟರ್ ವೇಗವನ್ನು ಕೊಟ್ಟು, ತಾನು 33 ಮೀಟರಿಗೆ ಇಳಿಯುತ್ತದೆಂದು ಬರುತ್ತದೆ. ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಚೆಂಡು 74ರಲ್ಲಿ ಓಡುತ್ತಿದೆ, ಕೋಲು 33ರಲ್ಲಿ ಹಿಂದೆ ಬರುತ್ತಿದೆ. ಕೈ ಎಷ್ಟೇ ಮುಂದಕ್ಕೆ ಸಾಗಲಿ, ಎಷ್ಟೇ ಸುಂದರವಾಗಿ ಭುಜದ ಮೇಲಕ್ಕೆ ಸುತ್ತಿ ಬರಲಿ, ತನಗಿಂತ ಇಮ್ಮಡಿಗೂ ಮಿಕ್ಕ ವೇಗದಲ್ಲಿ ಹೊರಟುಹೋದ ಚೆಂಡನ್ನು ಅದು ತಳ್ಳುವುದೆಂತು? ಊರು ಬಿಟ್ಟ ಬಸ್ಸನ್ನು ಹಿಂದಿನಿಂದ ಓಡುತ್ತ ನೂಕುವವನ ಸಾಹಸ ಅದು.

ಸಂಪರ್ಕವಿರುವ ಆ ಅರ್ಧ ಮಿಲಿಸೆಕೆಂಡಿನ ಒಳಗಾದರೂ ಕೈ ಏನನ್ನಾದರೂ ಮಾಡಬಹುದೇ? ಚೆಂಡಿಗೆ ದೊರೆತ ಸಂವೇಗವನ್ನು ಕಾಲದಿಂದ ಭಾಗಿಸಿದರೆ ಸರಾಸರಿ ಬಲ ಸುಮಾರು 6,800 ನ್ಯೂಟನ್, ಎಂದರೆ 700 ಕಿಲೋಗ್ರಾಂ ತೂಕದಷ್ಟು. ಇದು ತಲೆಯ ಜಡತ್ವದಿಂದ ಬಂದುದು. ಹೊಡೆತದ ದಿಕ್ಕಿನಲ್ಲಿ ಕೈಗಳು 100 ನ್ಯೂಟನ್ ಬಲವನ್ನು ಕೋಲಿನ ತಲೆಗೆ ಮುಟ್ಟಿಸಿದುವೆಂದೇ ಭಾವಿಸೋಣ. ಅದರ ಪಾಲು ಅರುವತ್ತರಲ್ಲಿ ಒಂದೂ ಆಗುವುದಿಲ್ಲ. ನಿಜವಾಗಿ ಅಷ್ಟೂ ಮುಟ್ಟುವಂತಿಲ್ಲ. ಕೈಗೂ ತಲೆಗೂ ನಡುವೆ ಒಂದು ಮೀಟರಿಗೂ ಮಿಕ್ಕ ಉದ್ದದ, ತೆಳ್ಳಗಿನ, ಬಾಗುವ ದಂಡವಿದೆ. ಹಿಡಿಯ ಕಡೆ ಕೊಟ್ಟ ಒತ್ತು ದಂಡವನ್ನು ಬಾಗಿಸಿ, ಆ ಬಾಗು ತಲೆಯವರೆಗೆ ಇಳಿದು ಬರುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ.

ಇದನ್ನು ಬರಿಯ ಲೆಕ್ಕದಲ್ಲಿ ಬಿಡದೆ ಪ್ರಯೋಗದಿಂದ ಪರೀಕ್ಷಿಸಿದವರಿದ್ದಾರೆ. 1960ರ ದಶಕದಲ್ಲಿ ಬ್ರಿಟನ್ನಿನ ಗಾಲ್ಫ್ ಸೊಸೈಟಿಯ ಆಶ್ರಯದಲ್ಲಿ ವಿಜ್ಞಾನಿಗಳ ಒಂದು ತಂಡ ಈ ಆಟವನ್ನು ಮೂಲದಿಂದ ಅಭ್ಯಸಿಸಿತು. ಅದರ ಫಲಿತಾಂಶಗಳನ್ನು ಅಲಾಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ ಎಂಬುವರು 1968ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದರು. ಆ ತಂಡದವರು ಮಾಡಿದ ಒಂದು ಚಮತ್ಕಾರವೆಂದರೆ, ಕೋಲಿನ ತಲೆಯ ಸ್ವಲ್ಪ ಮೇಲೆ ದಂಡವನ್ನು ಕತ್ತರಿಸಿ ಬಾಗಿಲಿನ ಕೀಲಿನಂಥ ಕೀಲೊಂದನ್ನು ಕೂಡಿಸಿದುದು. ಇಂಥ ಸಡಿಲ ಕೀಲಿನ ಮೂಲಕ ಕೈಯ ಒತ್ತು ತಲೆಗೆ ತಲಪುವುದು ಸಾಧ್ಯವೇ ಇಲ್ಲ. ಆದರೂ ಚೆಂಡು ಎಂದಿನಂತೆಯೇ ಹಾರಿತು. ಸಂಘಟ್ಟನೆಯ ಹೊತ್ತಿನಲ್ಲಿ ಕೋಲಿನ ತಲೆಯು ಯಾರ ಹಿಡಿತಕ್ಕೂ ಒಳಪಡದ, ಗಾಳಿಯಲ್ಲಿ ಬಿಡಿಯಾಗಿ ಬಂದ ಒಂದು ಲೋಹದ ಗುಂಡಿನಂತೆ ವರ್ತಿಸುತ್ತದೆಂಬುದು ಇದರಿಂದ ದೃಢವಾಯಿತು. ವೈಜ್ಞಾನಿಕ ಪ್ರಯೋಗವೆಂದರೆ ಹೀಗಿರಬೇಕೆಂದು ನಮಗೆ ಅನಿಸುತ್ತದೆ. ದೊಡ್ಡ ಯಂತ್ರ ಬೇಕಾಗಲಿಲ್ಲ, ಒಂದು ಕೀಲು ಸಾಕಾಯಿತು.

ಇನ್ನು ಆಟಗಾರನ ಅನುಭವದ ಮಾತು. ಚೆಂಡು ಕೋಲಿಗೆ ಅಂಟಿಕೊಂಡಂತೆ, ತಾನು ಅದನ್ನು ಒತ್ತಿ ಕಳುಹಿಸಿದಂತೆ ತನಗೆ ಸ್ಪಷ್ಟವಾಗಿ ಅನಿಸಿತೆಂದು ಅವನು ಪ್ರಮಾಣ ಮಾಡಿ ಹೇಳುತ್ತಾನೆ. ಅವನು ಸುಳ್ಳಾಡುತ್ತಿಲ್ಲ. ಆದರೆ ಬೆರಳ ತುದಿಯ ಸಂವೇದನೆ ನರಗಳ ಮೂಲಕ ಮಿದುಳನ್ನು ಮುಟ್ಟುವುದಕ್ಕೆ ಕನಿಷ್ಠ ಹತ್ತು ಮಿಲಿಸೆಕೆಂಡುಗಳಾದರೂ ಬೇಕು. ಅದು ಇಡೀ ಸಂಪರ್ಕದ ಕಾಲದ ಇಪ್ಪತ್ತು ಮಡಿ. ಆ ಸಂವೇದನೆಗೆ ಉತ್ತರವಾಗಿ ಸ್ನಾಯು ಬೇಕೆಂದು ಚಲಿಸಬೇಕಾದರೆ ಸೆಕೆಂಡಿನ ಏಳನೆಯ ಒಂದು ಭಾಗವೋ ಐದನೆಯ ಒಂದು ಭಾಗವೋ ಕಳೆಯುತ್ತದೆ. ಅಷ್ಟರಲ್ಲಿ ಚೆಂಡು ಹತ್ತು ಮೀಟರುಗಳನ್ನು ದಾಟಿರುತ್ತದೆ. ಆದುದರಿಂದ ಆಟಗಾರನು ಹೊಡೆತವೆಂದು ಅನುಭವಿಸುವುದೆಲ್ಲ ಮುಗಿದುಹೋದ ಸಂಗತಿಯ ವರದಿ ಮಾತ್ರ.

ಹಾಗಾದರೆ ಕೈಗೆ ಕೆಲಸವೇ ಇಲ್ಲವೆ? ಇದೆ, ಧಾರಾಳವಾಗಿ ಇದೆ. ಆದರೆ ಅದೆಲ್ಲ ಚೆಂಡನ್ನು ಮುಟ್ಟುವ ಮೊದಲು. ಮೇಲೆತ್ತಿದ ಕೋಲು ಕೆಳಗೆ ಬಂದು ಚೆಂಡನ್ನು ಸೇರುವುದಕ್ಕೆ ಸುಮಾರು ಕಾಲು ಸೆಕೆಂಡು ಹಿಡಿಯುತ್ತದೆ. ಈ ಕಾಲು ಸೆಕೆಂಡಿನ ಯಂತ್ರವಿಜ್ಞಾನವೇ ನಿಜವಾಗಿ ರಸವತ್ತಾದ ವಿಷಯ.

ಭುಜದಿಂದ ಕೈಯವರೆಗಿನ ತೋಳು ಒಂದು ಲೋಲಕ. ಕೈಯಿಂದ ಕೋಲಿನ ತಲೆಯವರೆಗಿನದು ಮತ್ತೊಂದು. ಒಂದರ ತುದಿಗೆ ಇನ್ನೊಂದನ್ನು ತೂಗುಹಾಕಿದ ಇಂಥ ಜೋಡಿ ಲೋಲಕದಲ್ಲಿ ನಡುವಣ ಕೀಲೇ ಮಣಿಕಟ್ಟು. ಕಾಕ್ರನ್ ಮತ್ತು ಸ್ಟಾಬ್ಸ್ ಈ ಮಾದರಿಯನ್ನು ಮುಂದಿಟ್ಟರು. ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ಥಿಯೊಡೋರ್ ಜಾರ್ಗೆನ್ಸನ್ 1970ರಲ್ಲಿ ಅದರ ಗಣಿತವನ್ನು ವಿಸ್ತರಿಸಿ ಬರೆದರು. ತೋಳು ಸುತ್ತತೊಡಗಿದಾಗ ಕೋಲು ಅದಕ್ಕೆ ಸುಮಾರು ಲಂಬಕೋನದಲ್ಲಿ ಮಡಿಸಿಕೊಂಡಿರುತ್ತದೆ. ತಲೆಯು ಭುಜಕ್ಕೆ ಹತ್ತಿರವಿರುವುದರಿಂದ ಇಡೀ ವ್ಯವಸ್ಥೆಯನ್ನು ತಿರುಗಿಸುವುದು ಸುಲಭ. ವೇಗ ಏರುತ್ತ ಬಂದಂತೆ ತಲೆಯು ಹೊರಕ್ಕೆ ಸಿಡಿಯಲೆಳಸುತ್ತದೆ, ಮಣಿಕಟ್ಟಿನ ಮಡಿಕೆ ಬಿಚ್ಚಿಕೊಳ್ಳುತ್ತದೆ, ಕೋಲು ತೋಳನ್ನು ಹಿಂದೆ ಹಾಕಲು ಧಾವಿಸುತ್ತದೆ. ಹೀಗೆ ಬಿಚ್ಚಿಕೊಳ್ಳುವಾಗ ಕೋಲು ಕೈಗಳನ್ನು ಹಿಂದಕ್ಕೆ ಜಗ್ಗುತ್ತದೆ. ಪರಿಣಾಮವಾಗಿ ತೋಳಿನಲ್ಲಿದ್ದ ಶಕ್ತಿ ಕೋಲಿಗೆ ಹರಿದು, ಕೈಗಳು ನಿಧಾನವಾಗುತ್ತವೆ, ತಲೆ ವೇಗಗೊಳ್ಳುತ್ತದೆ.

ಇದೇನೂ ಪಾಶ್ಚಾತ್ಯರ ಮೈದಾನದಲ್ಲಿ ಮಾತ್ರ ಕಾಣುವ ಅಪೂರ್ವ ದೃಶ್ಯವಲ್ಲ. ನದಿಯ ದಂಡೆಯಲ್ಲಿ ಅಗಸನು ಒದ್ದೆ ಬಟ್ಟೆಯನ್ನು ತಲೆಯ ಮೇಲಿಂದ ಬೀಸಿ ಕಲ್ಲಿಗೆ ಅಪ್ಪಳಿಸುವುದನ್ನು ನೋಡಿರಿ. ಮುಷ್ಟಿ ಮೊದಲು ಕೆಳಗೆ ಬರುತ್ತದೆ, ಸೊಂಟದ ಬಳಿ ಬಹುಮಟ್ಟಿಗೆ ನಿಂತೇಬಿಡುತ್ತದೆ; ಬಟ್ಟೆಯ ತುದಿ ಮಾತ್ರ ಹಿಂದಿನಿಂದ ಸುಂಯ್ಯೆಂದು ಬಂದು ಕಲ್ಲಿಗೆ ಬಡಿಯುತ್ತದೆ. ಎತ್ತಿನ ಚಾಟಿಯ ಗುಟ್ಟೂ ಇದೇ. ಹೊಲ ಕಾಯುವವನ ಕವಣೆಯಲ್ಲಿಯೂ ಕೈ ತಿರುಗುವ ವೃತ್ತ ಎಷ್ಟು ಚಿಕ್ಕದು, ಕಲ್ಲು ತಿರುಗುವ ವೃತ್ತ ಎಷ್ಟು ದೊಡ್ಡದು! ಎರ್ನೆಸ್ಟ್ ಜೋನ್ಸ್ ಎಂಬ ಆಂಗ್ಲ ಗಾಲ್ಫ್ ಶಿಕ್ಷಕರೊಬ್ಬರಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಬಲಗಾಲನ್ನು ಕಳೆದುಕೊಂಡರೂ ಅವರು ಆಟ ಬಿಡಲಿಲ್ಲ. ಕರವಸ್ತ್ರದ ತುದಿಗೆ ಜೇಬಿನ ಚಾಕುವನ್ನು ಕಟ್ಟಿ ತೂಗಾಡಿಸಿ, ಕೋಲಿನ ತಲೆಯೂ ಹೀಗೆಯೇ ತೂಗಬೇಕೆಂದು ಅವರು ಶಿಷ್ಯರಿಗೆ ತೋರಿಸುತ್ತಿದ್ದರು. ಕರವಸ್ತ್ರದಿಂದ ಚಾಕುವನ್ನು ಎಳೆಯಬಹುದೇ ಹೊರತು ತಳ್ಳುವುದು ಅಸಾಧ್ಯ. ಭೌತವಿಜ್ಞಾನದ ಪದವಿಯಿಲ್ಲದ ಆ ಶಿಕ್ಷಕರ ನಿದರ್ಶನ ಎಷ್ಟೋ ಪಠ್ಯಪುಸ್ತಕಗಳಿಗಿಂತ ನಿಜಕ್ಕೆ ಹತ್ತಿರವಾಗಿತ್ತು.

ಕೈ ನಿಧಾನವಾಗುವುದನ್ನು ಕಣ್ಣಿಗೆ ಕಾಣುವಂತೆ ಮಾಡಿದುದು ಛಾಯಾಚಿತ್ರ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಹೆರಾಲ್ಡ್ ಎಡ್ಜರ್ಟನ್ ಅವರು ಕ್ಷಣಕ್ಷಣಕ್ಕೂ ಮಿನುಗುವ ಸ್ಟ್ರೋಬೋಸ್ಕೋಪ್ ದೀಪದ ಬೆಳಕಿನಲ್ಲಿ ಗಾಲ್ಫ್ ಆಟಗಾರರ ಚಿತ್ರಗಳನ್ನು ತೆಗೆದರು. 1938ರಲ್ಲಿ ತೆಗೆದ ಡೆನ್ಸ್‌ಮೋರ್ ಶೂಟ್ ಅವರ ಚಿತ್ರ ಲೋಕಪ್ರಸಿದ್ಧವಾಗಿದೆ. ಒಂದೇ ಫಲಕದ ಮೇಲೆ ಕೋಲಿನ ಹತ್ತಾರು ಬಿಂಬಗಳು ಬೀಸಣಿಗೆಯ ಕಡ್ಡಿಗಳಂತೆ ಹರಡಿರುತ್ತವೆ. ದೀಪ ಮಿನುಗುವ ಅಂತರ ಒಂದೇ ಆದುದರಿಂದ ಬಿಂಬಗಳು ದೂರ ದೂರವಿದ್ದಲ್ಲಿ ವೇಗ ಹೆಚ್ಚು, ಒತ್ತಾಗಿದ್ದಲ್ಲಿ ವೇಗ ಕಡಿಮೆ. ಇಂಥ ಚಿತ್ರಗಳಲ್ಲಿ ಚೆಂಡಿನ ಸಮೀಪಕ್ಕೆ ಬಂದಂತೆ ತಲೆಯ ಬಿಂಬಗಳು ದೂರವಾಗುತ್ತವೆ, ಕೈಯ ಬಿಂಬಗಳು ಒತ್ತಾಗುತ್ತವೆ. ಮುಟ್ಟುವ ಹೊತ್ತಿನಲ್ಲಿ ಕೈಯ ವೇಗ ತಲೆಯ ವೇಗದ ಸುಮಾರು ಐದನೆಯ ಒಂದು ಪಾಲು ಮಾತ್ರ.

ಆದರೆ ಕೈ ಆಗ ಸುಮ್ಮನಿರುತ್ತದೆಂದು ಯಾರೂ ತಿಳಿಯಬಾರದು. 200 ಗ್ರಾಮಿನ ತಲೆ ಅಷ್ಟು ವೇಗದಲ್ಲಿ ಬಾಗಿದ ಹಾದಿಯಲ್ಲಿ ಸುತ್ತುವಾಗ ಅದನ್ನು ಆ ಹಾದಿಯಲ್ಲಿ ಹಿಡಿದಿಡುವುದಕ್ಕೆ ಸುಮಾರು 400 ನ್ಯೂಟನ್ನಿನಷ್ಟು ಕೇಂದ್ರದ ಕಡೆಗಿನ ಸೆಳೆತ ಬೇಕು. ನಲವತ್ತು ಕಿಲೋ ತೂಕದ ಮೂಟೆಯನ್ನು ಎತ್ತಿ ಹಿಡಿದಂತೆಯೇ ಸರಿ. ಬೆರಳುಗಳ ನಿಜವಾದ ದುಡಿಮೆ ಇದು: ಚೆಂಡಿನ ಕಡೆಗೆ ತಳ್ಳುವುದಲ್ಲ, ದಂಡದ ನೇರದಲ್ಲಿ ತನ್ನ ಕಡೆಗೆ ಎಳೆಯುವುದು. ಈ ಎಳೆತದಿಂದ ವೇಗಕ್ಕೂ ಲಾಭವುಂಟೆಂದು ಜಪಾನಿನ ಮಿಉರಾ 2001ರಲ್ಲಿ ತೋರಿಸಿದರು. ಹೊಡೆತಕ್ಕೆ ಸ್ವಲ್ಪ ಮುಂಚೆ ಹಿಡಿಯನ್ನು ಒಳಮೇಲಕ್ಕೆ ಸೆಳೆದುಕೊಂಡರೆ, ದಾರಕ್ಕೆ ಕಟ್ಟಿ ತಿರುಗಿಸುವ ಕಲ್ಲು ದಾರವನ್ನು ಗಿಡ್ಡ ಮಾಡಿದಾಗ ವೇಗಗೊಳ್ಳುವಂತೆ, ತಲೆಯೂ ವೇಗಗೊಳ್ಳುತ್ತದೆ. ನುರಿತವರು ಹೊಡೆಯುವಾಗ ಎಡಗಾಲನ್ನು ನೆಲಕ್ಕೊತ್ತಿ ಮೈಯನ್ನು ಮೇಲಕ್ಕೆ ಚಾಚುವುದು ಬರಿಯ ಠೀವಿಗಾಗಿ ಅಲ್ಲ.

ಮಣಿಕಟ್ಟನ್ನು ಬರಿಯ ಕೀಲಾಗಿ ಬಿಡಬೇಕೇ, ಅಥವಾ ಸ್ನಾಯುಬಲದಿಂದ ಅದನ್ನು ಬಿಚ್ಚಬೇಕೇ ಎಂಬ ಪ್ರಶ್ನೆ ಮಾತ್ರ ಇಷ್ಟು ಸರಳವಲ್ಲ. ಜೋಡಿ ಲೋಲಕದ ಮೊದಲ ಮಾದರಿ ಕೀಲೇ ಸಾಕೆಂದಿತು. ಸ್ಪ್ರಿಗಿಂಗ್ಸ್ ಮತ್ತು ನೀಲ್ ಎಂಬುವರು 2000ದಲ್ಲಿ ಪ್ರಕಟಿಸಿದ ಗಣಕಯಂತ್ರದ ಅಧ್ಯಯನವು, ತಕ್ಕ ಸಮಯದಲ್ಲಿ ಮಣಿಕಟ್ಟಿನ ಸ್ನಾಯುಗಳೂ ನೆರವಾದರೆ ತಲೆಯ ವೇಗ ಹೆಚ್ಚುವುದೆಂದು ತೋರಿಸಿತು. ಬೇಗ ಬಿಚ್ಚಿದರೆ ನಷ್ಟ, ತಡೆದು ಬಿಚ್ಚಿದರೆ ಲಾಭ. ಆದರೆ ಹೊಡೆತದ ಹೊತ್ತಿಗೆ ಈ ನೆರವೂ ಸೊರಗಿಹೋಗುತ್ತದೆ. ಸ್ನಾಯು ಎಷ್ಟು ವೇಗವಾಗಿ ಕುಗ್ಗುತ್ತದೆಯೋ ಅಷ್ಟು ಅದರ ಬಲ ಕುಂದುತ್ತದೆಂಬುದನ್ನು ಆರ್ಚಿಬಾಲ್ಡ್ ಹಿಲ್ 1938ರಲ್ಲಿಯೇ ನಿರೂಪಿಸಿದ್ದರು. ಸೆಕೆಂಡಿಗೆ ಎರಡು ಸಾವಿರ ಡಿಗ್ರಿಗಳ ಗತಿಯಲ್ಲಿ ತಿರುಗುತ್ತಿರುವ ಕೋಲನ್ನು ಮಣಿಕಟ್ಟಿನ ಸ್ನಾಯು ಬೆನ್ನಟ್ಟಿ ಹಿಡಿಯಲಾರದು. ತಳ್ಳಹೋದರೆ ಕೋಲೇ ಮುಂದೋಡಿರುತ್ತದೆ. ಆ ಹೊತ್ತಿನಲ್ಲಿ ದಂಡವು ಹಿಂದಕ್ಕಲ್ಲ, ಮುಂದಕ್ಕೆ ಬಾಗಿರುವುದನ್ನು ವೇಗದ ಕ್ಯಾಮೆರಾಗಳು ತೋರಿಸುತ್ತವೆ. ತಲೆಯ ಗುರುತ್ವಕೇಂದ್ರವು ದಂಡದ ನೇರಕ್ಕಿಂತ ಆಚೆಗಿರುವುದರಿಂದ ಸುತ್ತಾಟದ ಸೆಳೆತವು ಅದನ್ನು ಹಾಗೆ ಬಾಗಿಸುತ್ತದೆ. ಕೈ ಕೋಲನ್ನು ತಳ್ಳುತ್ತಿದ್ದರೆ ಬಾಗು ವಿರುದ್ಧ ದಿಕ್ಕಿನಲ್ಲಿರಬೇಕಾಗಿತ್ತಲ್ಲವೆ?

ದಿಕ್ಕಿನ ವಿಷಯದಲ್ಲಿಯಂತೂ ಪಂಡಿತರ ಜಗಳ ಮುಗಿಯುವಂತಿಲ್ಲ. ಪ್ರಸಿದ್ಧ ಆಟಗಾರ ಬೆನ್ ಹೋಗನ್ 1957ರ ತಮ್ಮ ಪುಸ್ತಕದಲ್ಲಿ ಹೊಡೆತದ ಹೊತ್ತಿಗೆ ಎಡ ಮುಂಗೈ ಹೊರಳುತ್ತ, ಮಣಿಕಟ್ಟು ಗುರಿಯ ಕಡೆಗೆ ಉಬ್ಬಿರಬೇಕೆಂದರು. ಕೈ ಹೊರಳಿಸಬಾರದು, ಬಿಗಿಹಿಡಿಯಬೇಕೆನ್ನುವ ಪಂಥವೂ ಇದೆ. ಎರಡು ಪಂಥಗಳಲ್ಲಿಯೂ ಗೆದ್ದವರಿದ್ದಾರೆ. ಇಲ್ಲಿ ಖಚಿತವಾಗಿ ಹೇಳಬಹುದಾದುದು ಇಷ್ಟು: ಕೋಲು ಸಾಗುವ ಹಾದಿಯ ದಿಕ್ಕಿಗಿಂತ ತಲೆಯ ಮುಖವು ನೋಡುವ ದಿಕ್ಕಿಗೇ ಚೆಂಡು ಬಹುಮಟ್ಟಿಗೆ ಹೊರಡುತ್ತದೆ. ಹಳೆಯ ಬೋಧಕರು ಇದಕ್ಕೆ ವಿರುದ್ಧವಾಗಿ ಹೇಳುತ್ತಿದ್ದರು. ಮುಖವು ಸಂಪರ್ಕದ ಅರ್ಧ ಮಿಲಿಸೆಕೆಂಡಿನಲ್ಲಿ ತಿರುಗುವುದು ಒಂದು ಡಿಗ್ರಿಯ ಆಸುಪಾಸು. ಆದರೆ 200 ಮೀಟರ್ ಆಚೆ ಒಂದು ಡಿಗ್ರಿಯ ತಪ್ಪು ಮೂರೂವರೆ ಮೀಟರಾಗುತ್ತದೆ. ಈ ಡಿಗ್ರಿಯನ್ನು ಸರಿಪಡಿಸಲು ಹೊಡೆತದ ಒಳಗೆ ಕಾಲಾವಕಾಶವಿಲ್ಲ. ಹಿಡಿಯುವ ರೀತಿಯಲ್ಲಿ, ಕೈಯನ್ನು ತರುವ ಹಾದಿಯಲ್ಲಿ, ಸಾವಿರಾರು ಸಲದ ಅಭ್ಯಾಸದಲ್ಲಿ ಅದು ಮುಂಚೆಯೇ ತೀರ್ಮಾನವಾಗಿರಬೇಕು. ಚೆಂಡಿಗೆ ಬರುವ ತಿರುಗಣೆಯ ಕಥೆಯೂ ಇದೇ. ಎಡಿನ್‌ಬರೊದ ಭೌತವಿಜ್ಞಾನಿ ಪೀಟರ್ ಗಥ್ರೀ ಟೇಟ್ ಅವರು 1890ರ ದಶಕದಲ್ಲಿ, ಚೆಂಡು ಹಿಮ್ಮುಖವಾಗಿ ತಿರುಗುತ್ತ ಹಾರುವುದರಿಂದಲೇ ಅಷ್ಟು ಹೊತ್ತು ಗಾಳಿಯಲ್ಲಿ ನಿಲ್ಲುತ್ತದೆಂದು ತೋರಿಸಿದರು. ಅವರ ಮಗ ಫ್ರೆಡ್ಡಿ 1896 ಮತ್ತು 1898ರಲ್ಲಿ ಬ್ರಿಟನ್ನಿನ ಹವ್ಯಾಸಿ ಚಾಂಪಿಯನ್. ಈ ತಿರುಗಣೆ ಹುಟ್ಟುವುದು ಮುಖದ ಓರೆಯಿಂದ ಮತ್ತು ಘರ್ಷಣೆಯಿಂದ; ಮಣಿಕಟ್ಟಿನ ಕೊನೆಗಳಿಗೆಯ ಕುಲುಕಿನಿಂದಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಚೆಂಡಿನ ಮೂಲಕ ಹೊಡೆ, ಕೈಯನ್ನು ನಿಲ್ಲಿಸಬೇಡ ಎಂದು ಕೂಗುವ ತರಬೇತುದಾರನನ್ನು ಮೂರ್ಖನೆನ್ನಬೇಕೆ? ನಾವು ಹಾಗೆನ್ನುವುದಿಲ್ಲ. ಅವನ ಉಪದೇಶ ಸರಿ. ಪುಸ್ತಕದವರು ಅದಕ್ಕೆ ಹಚ್ಚಿದ ಕಾರಣ ತಪ್ಪು. ಸೆಕೆಂಡಿಗೆ 50 ಮೀಟರ್ ವೇಗದಲ್ಲಿರುವ ತಲೆಯ ಚಲನಶಕ್ತಿ 250 ಜೂಲುಗಳು. 25 ಕಿಲೋ ಅಕ್ಕಿಯ ಚೀಲ ಒಂದು ಮೀಟರ್ ಎತ್ತರದಿಂದ ಬಿದ್ದಾಗಿನಷ್ಟು. ಚೆಂಡಿಗೆ ಕೊಟ್ಟು ಉಳಿದುದರಲ್ಲಿಯೂ ನೂರು ಜೂಲಿಗೆ ಮಿಕ್ಕಿರುತ್ತದೆ. ಇದನ್ನು ಗೇಣುದ್ದದಲ್ಲಿ ತಡೆದು ನಿಲ್ಲಿಸಲು ಹೋದರೆ ಮಣಿಕಟ್ಟು ಉಳುಕುತ್ತದೆ. ಉಳುಕಬಾರದೆಂದರೆ ಚೆಂಡನ್ನು ಮುಟ್ಟುವ ಮೊದಲೇ ವೇಗ ತಗ್ಗಿಸತೊಡಗಬೇಕು. ಹೊಡೆದ ಕೂಡಲೆ ನಿಲ್ಲಬೇಕೆಂದು ಮನಸ್ಸಿನಲ್ಲಿ ಎಣಿಸಿದವನ ಸ್ನಾಯುಗಳು, ಅವನಿಗೆ ತಿಳಿಯದೆಯೇ, ಹೊಡೆಯುವ ಮುನ್ನವೇ ಅವನನ್ನು ಹಿಡಿದೆಳೆಯುತ್ತವೆ. ಫಾಲೋ ಥ್ರೂ ಎಂಬುದು ಚೆಂಡಿಗೆ ಏನನ್ನೂ ಮಾಡದು. ಅದಕ್ಕೆ ಮೊದಲು ಕೈ ಹಿಂಜರಿಯಲಿಲ್ಲವೆಂಬುದಕ್ಕೆ ಅದು ಸಾಕ್ಷಿ.

ಆಟದ ಮೈದಾನದಲ್ಲಿ ಕಾರಣ ತಪ್ಪಾದರೂ ಉಪದೇಶ ಫಲಿಸಿದರೆ ಸಾಕು. ತರಗತಿಯಲ್ಲಿ ಹಾಗಲ್ಲ. ಅಲ್ಲಿ ನಾವು ಕಲಿಸುವುದು ಕಾರಣವನ್ನೇ. ಸೂತ್ರವೊಂದನ್ನು ಕಲಿತ ಹುಡುಗನು ಅದನ್ನು ಎಲ್ಲಿಗೆ ಬೇಕಾದರೂ ಹೊಂದಿಸಿ, ಹೊಂದಿದಂತೆ ಕಂಡರೆ ತೃಪ್ತನಾಗಿ, ಅಳೆಯದೆ ಬಿಟ್ಟುಬಿಡುವ ಅಭ್ಯಾಸ ಇಂಥ ಪಾಠಗಳಿಂದಲೇ ಬೆಳೆಯುತ್ತದೆಂದು ನಮ್ಮ ನಂಬಿಕೆ. ಸಂಪರ್ಕದ ಕಾಲ ಹೆಚ್ಚುತ್ತದೆಂದು ಬರೆದವರು ಎಷ್ಟು ಹೆಚ್ಚುತ್ತದೆಂಬ ಒಂದೇ ಪ್ರಶ್ನೆಯನ್ನು ಕೇಳಿಕೊಂಡಿದ್ದರೆ ತಪ್ಪು ಅಲ್ಲಿಯೇ ಬಯಲಾಗುತ್ತಿತ್ತು.

ಪರೀಕ್ಷಿಸುವುದು ಕಷ್ಟವೂ ಅಲ್ಲ. ಮರದ ಸುತ್ತಿಗೆಯೊಂದನ್ನು ಹಿಡಿಯ ತುದಿಯಲ್ಲಿ ಮೊಳೆಗೆ ಸಿಕ್ಕಿಸಿ ಲೋಲಕದಂತೆ ತೂಗುಬಿಟ್ಟು, ಗೊತ್ತಾದ ಎತ್ತರದಿಂದ ಬಿಟ್ಟು ರಬ್ಬರ್ ಚೆಂಡಿಗೆ ಹೊಡೆಯುವಂತೆ ಮಾಡಬಹುದು. ಈ ಹೊಡೆತದಲ್ಲಿ ಕೈಯೇ ಇಲ್ಲ. ಬಳಿಕ ಅದೇ ಸುತ್ತಿಗೆಯನ್ನು ಕೈಯಲ್ಲಿ ಹಿಡಿದು, ಅದೇ ವೇಗ ಬರುವಂತೆ, ಫಾಲೋ ಥ್ರೂ ಸಹಿತ ಹೊಡೆದು, ಚೆಂಡಿನ ವೇಗಗಳನ್ನು ಹೋಲಿಸಬೇಕು. ಈಗ ಅನೇಕ ಮೊಬೈಲ್ ಫೋನುಗಳ ಕ್ಯಾಮೆರಾಗಳು ಸೆಕೆಂಡಿಗೆ 240 ಚಿತ್ರಗಳನ್ನು ತೆಗೆಯಬಲ್ಲವು. ಸುತ್ತಿಗೆಯ ವೇಗವನ್ನೂ ಚೆಂಡಿನ ವೇಗವನ್ನೂ ಅಳೆಯುವುದಕ್ಕೆ ಅಷ್ಟು ಧಾರಾಳವಾಗಿ ಸಾಕು. ಗಾಲ್ಫ್ ಹೊಡೆತದ ಸಂಪರ್ಕವನ್ನು ಹಿಡಿಯುವುದಕ್ಕೆ ಮಾತ್ರ ಸಾಲದು. ಎರಡು ಚಿತ್ರಗಳ ನಡುವಣ ನಾಲ್ಕು ಮಿಲಿಸೆಕೆಂಡುಗಳಲ್ಲಿ ಅಂಥ ಎಂಟು ಸಂಪರ್ಕಗಳು ಮುಗಿದುಹೋಗಬಹುದು. ಒಂದು ಚಿತ್ರದಲ್ಲಿ ಚೆಂಡು ಟೀ ಎಂಬ ಗೂಟದ ಮೇಲಿದ್ದರೆ ಮುಂದಿನ ಚಿತ್ರದಲ್ಲಿ ಒಂದು ಅಡಿಯಾಚೆ ಇರುತ್ತದೆ.

ಸಂಪರ್ಕದ ಕಾಲವನ್ನು ಹೆಚ್ಚಿಸಿ ವೇಗವನ್ನು ಪಡೆಯುವುದಕ್ಕೆ ನಿದರ್ಶನ ಬೇಕೇಬೇಕೆಂದರೆ ಪಠ್ಯಪುಸ್ತಕದವರು ಗಾಲ್ಫನ್ನು ಬಿಟ್ಟು ಹಾಕಿಯ ಕಡೆಗೆ ನೋಡಲಿ. ಪೆನಾಲ್ಟಿ ಕಾರ್ನರ್ ದೊರೆತಾಗ ಆಟಗಾರನು ಚೆಂಡನ್ನು ಹೊಡೆಯುವುದಿಲ್ಲ. ಕೋಲಿನ ಬಾಗಿಗೆ ಅದನ್ನು ಸೇರಿಸಿಕೊಂಡು, ಮೈಬಾಗಿಸಿ ನೆಲದ ಮೇಲೆ ಎಳೆದು ತಂದು ಬೀಸಿ ಬಿಡುತ್ತಾನೆ. ಡ್ರ್ಯಾಗ್ ಫ್ಲಿಕ್ ಎಂಬ ಈ ಹೊಡೆತದಲ್ಲಿ ಚೆಂಡು ಮೀಟರಿಗೂ ಮಿಕ್ಕ ದೂರ ಕೋಲಿನೊಡನೆಯೇ ಇರುತ್ತದೆ, ಕೈಯ ಬಲ ಆ ದೂರದುದ್ದಕ್ಕೂ ಅದರ ಮೇಲೆ ವರ್ತಿಸುತ್ತದೆ. ಕೊಡಗಿನ ಯಾವ ಶಾಲೆಯ ಮೈದಾನದಲ್ಲಿಯಾದರೂ ಇದನ್ನು ನೋಡಬಹುದು, ಫೋನಿನ ಕ್ಯಾಮೆರಾದಿಂದ ಅಳೆಯಲೂಬಹುದು. ಅದೇ ಮೈದಾನದಲ್ಲಿ ಅದೇ ಕೋಲಿನಿಂದ ಚೆಂಡನ್ನು ಫಟ್ಟೆಂದು ಹೊಡೆದ ಹೊಡೆತದ ಚಿತ್ರವನ್ನು ಪಕ್ಕದಲ್ಲಿಟ್ಟು, ಎರಡರಲ್ಲಿ ಕೈಯ ಕೆಲಸ ಯಾವಾಗ ಮುಗಿಯಿತೆಂದು ವಿದ್ಯಾರ್ಥಿಗಳನ್ನು ಕೇಳಬಹುದು.